ಬ್ಲೇಡಿನ ಲೆಕ್ಕದಿಂದ ಗೋಡೆಯ ಲೆಕ್ಕಕ್ಕೆ

1960ರ ಮೇ 16ರಂದು ಅಮೆರಿಕದ ಮಾಲಿಬುವಿನ ಹ್ಯೂಸ್ ಸಂಶೋಧನಾಲಯದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಹೊರಡಿಸಿದರು. ಆರಂಭದ ಲೇಸರ್‌ಗಳ ಶಕ್ತಿಗೆ ವಿಜ್ಞಾನಿಗಳು ತಮಾಷೆಯ ಅಳತೆಯೊಂದನ್ನು ಮಾಡಿಕೊಂಡಿದ್ದರು: ‘ಜಿಲೆಟ್’. ಒಂದರ ಮೇಲೊಂದು ಇಟ್ಟ ಶೇವಿಂಗ್ ಬ್ಲೇಡುಗಳಲ್ಲಿ ಎಷ್ಟಕ್ಕೆ ತೂತು ಬಿತ್ತೋ ಅಷ್ಟು ಜಿಲೆಟ್. ತೂತು ಬಿದ್ದರೆ ಸಾಕು, ಅದರ ಒಳಗೋಡೆ ಹೇಗಿದೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಲೇಸರ್ ಕಾರ್ಖಾನೆಗೆ ಕಾಲಿಟ್ಟದ್ದೂ ತೂತು ಕೊರೆಯಲೆಂದೇ. ತಾಮ್ರದ ತಂತಿಯನ್ನು ಸಣ್ಣಗಾಗಿಸಲು ವಜ್ರದ ಕಿರುರಂಧ್ರದ ಮೂಲಕ ಎಳೆಯುತ್ತಾರೆ. ಆ ವಜ್ರವನ್ನು ಕೊರೆಯಲು ವಜ್ರದ ಪುಡಿಯೇ ಬೇಕಿತ್ತು. 1965ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಆ ಕೆಲಸವನ್ನು ಬೆಳಕಿಗೆ ವಹಿಸಿತು.

ಗೋಡೆಯ ಪ್ರಶ್ನೆಯನ್ನು ಜೀವಸಾವಿನ ಪ್ರಶ್ನೆಯಾಗಿಸಿದ್ದು ಜೆಟ್ ಎಂಜಿನ್. ಅದರ ಟರ್ಬೈನಿನಲ್ಲಿ ಹರಿಯುವ ಅನಿಲ, ಅಲಗುಗಳ ನಿಕಲ್ ಮಿಶ್ರಲೋಹವೇ ಕರಗುವಷ್ಟು ಬಿಸಿ. ಅಲಗನ್ನು ಕಾಯುವುದು ಅದರ ಮೈಮೇಲಿನ, ಸುಮಾರು ಅರ್ಧ ಮಿಲಿಮೀಟರ್ ಅಗಲದ ರಂಧ್ರಗಳು. ಅವುಗಳಿಂದ ಹೊರಬರುವ ಗಾಳಿ ಅಲಗಿಗೆ ತಂಪು ಹೊದಿಕೆಯಾಗುತ್ತದೆ. ಈ ರಂಧ್ರ ಕೊರೆಯುವ ಲೇಸರಿನ ಒಂದೊಂದು ಮಿಡಿತವೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸು ಇದ್ದರೆ, ಲೋಹ ಕರಗಿ ಚಿಮ್ಮುತ್ತದೆ. ಆದರೆ ಎಲ್ಲವೂ ಹೊರಹೋಗದೆ ಒಂದಿಷ್ಟು ಗೋಡೆಗೇ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಆ ಪದರದಲ್ಲಿ ಹುಟ್ಟಿದ ಸಣ್ಣ ಬಿರುಕು ಹಾರಾಟದಿಂದ ಹಾರಾಟಕ್ಕೆ ಬೆಳೆಯಬಹುದು. ಶಕ್ತಿ ಹೆಚ್ಚಿಸಿದರೆ ರಂಧ್ರವೇನೋ ಬೇಗ ಬೀಳುತ್ತದೆ, ಕರಗಿದ ಲೋಹವೂ ಹೆಚ್ಚುತ್ತದೆ.

ದಾರಿ ಸಿಕ್ಕಿದ್ದು ಶಕ್ತಿಯಲ್ಲಲ್ಲ, ಸಮಯದಲ್ಲಿ. ಮಿಡಿತವನ್ನು ತೀರಾ ಚಿಕ್ಕದು ಮಾಡಿದರೆ, ಬಿಸಿ ಪಕ್ಕಕ್ಕೆ ಹರಡುವ ಮೊದಲೇ ಆ ಜಾಗದ ಲೋಹ ಆವಿಯಾಗುತ್ತದೆ. ತೊಡಕೆಂದರೆ, ಅಂಥ ಮಿಡಿತದ ಶಕ್ತಿ ಹೆಚ್ಚಿಸಲು ಹೋದರೆ ಲೇಸರಿನ ಹರಳೇ ಹಾಳಾಗುತ್ತಿತ್ತು. 1985ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಉಪಾಯ ಕಂಡರು: ಮಿಡಿತವನ್ನು ಮೊದಲು ಹಿಗ್ಗಿಸು, ಬಲಪಡಿಸು, ಆಮೇಲೆ ಕುಗ್ಗಿಸು. ಸ್ಟ್ರಿಕ್‌ಲ್ಯಾಂಡ್ ಆಗ ಪಿಎಚ್.ಡಿ. ವಿದ್ಯಾರ್ಥಿನಿ. 2018ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಹೀಗೆ ಬಲವಾದ ಫೆಮ್ಟೊಸೆಕೆಂಡ್ ಮಿಡಿತಗಳು ಕೈಗೆ ಬಂದವು. ಒಂದು ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಫೆಮ್ಟೊಸೆಕೆಂಡ್.

ಹಾಗೆಂದು ಉದ್ದ ಮಿಡಿತದ ಕಾಲ ಮುಗಿದಿಲ್ಲ. ಚಿಕ್ಕ ಮಿಡಿತ ಗೋಡೆಯನ್ನು ನುಣುಪಾಗಿಡುತ್ತದೆ, ಆದರೆ ಒಂದೊಂದು ಹೊಡೆತಕ್ಕೂ ತೆಗೆಯುವ ಲೋಹ ಅತ್ಯಲ್ಪ. ಅಲಗು ಅಲಗಿಗೂ ಹತ್ತಾರು, ನೂರಾರು ರಂಧ್ರ ಕೊರೆಯುವ ಕಾರ್ಖಾನೆಗೆ ವೇಗವೂ ಬೇಕು. ಲೇಸರಿನ ಸೆಟ್ಟಿಂಗ್ ಆರಿಸುವವರು ಇವತ್ತಿಗೂ ತೂಗುತ್ತಿರುವುದು ಇದನ್ನೇ: ಎಷ್ಟು ಬೇಗ ಮುಗಿಸಬಹುದು, ಎಂಥ ಗೋಡೆಯನ್ನು ಬಿಟ್ಟು ಹೋಗಬಹುದು. ಆ ಗೋಡೆಯ ಭರವಸೆಯ ಮೇಲೆ ವಿಮಾನದಲ್ಲಿ ಜನ ಕೂತಿರುತ್ತಾರೆ.