ನಿರಾಶ್ರಯರ ಪೋಷಣೆಯೂ ಪರಾಮರ್ಶೆಯೂ

ನೆಲೆಯಿಲ್ಲದವನಿಗೆ ನೆರಳು ಕೊಡುವುದು ಧರ್ಮವೆಂಬುದನ್ನು ಒಪ್ಪದ ನಾಡಿಲ್ಲ. ಆದರೆ ಆ ಧರ್ಮವು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡತಕ್ಕವರು ಯಾರು? ಇಂಗ್ಲೆಂಡಿನ ಚರಿತ್ರೆಯು ನಾಲ್ಕು ಶತಮಾನಗಳಿಂದ ಈ ಪ್ರಶ್ನೆಗೆ ಉತ್ತರವನ್ನರಸುತ್ತಿದೆ.

ಎಲಿಜಬೆತ್ ರಾಣಿಯ ಕಾಲದ 1601ರ ಶಾಸನವು ಬಡವರ ಪಾಲನೆಯನ್ನು ಪ್ಯಾರಿಷ್ ಎಂಬ ಇಗರ್ಜಿಯ ಗ್ರಾಮವಿಭಾಗಕ್ಕೆ ವಹಿಸಿತು. ವರ್ಷವರ್ಷವೂ ನೇಮಕವಾಗುತ್ತಿದ್ದ ಮೇಲ್ವಿಚಾರಕರು ಕರವೆತ್ತಿ ದೀನರನ್ನು ಪೋಷಿಸಿ, ನ್ಯಾಯಾಧಿಕಾರಿಗಳಿಗೆ ಲೆಕ್ಕವನ್ನೊಪ್ಪಿಸಬೇಕಾಗಿತ್ತು. ಹಣಕ್ಕೆ ಲೆಕ್ಕವಿತ್ತು, ಬಡವನು ಉಂಡನೋ ಉಪವಾಸವಿದ್ದನೋ ಎಂಬುದಕ್ಕೆ ಲೆಕ್ಕವಿರಲಿಲ್ಲ.

1834ರ ಶಾಸನವು ನಿರ್ಗತಿಕರನ್ನು ದುಡಿಮೆಮನೆಗಳಿಗೆ ನೂಕಿತು. ಅಲ್ಲಿಯ ಬಾಳು ಹೊರಗಿನ ಕಡುಬಡ ಕೂಲಿಯವನ ಬಾಳಿಗಿಂತಲೂ ಕಷ್ಟವಾಗಿರತಕ್ಕದ್ದೆಂಬುದೇ ಅದರ ತತ್ತ್ವ. ಫಲವೇನಾಯಿತು? ಆಂಡೋವರ್ ಪಟ್ಟಣದಲ್ಲಿ ಗೊಬ್ಬರಕ್ಕಾಗಿ ಮೂಳೆ ಕುಟ್ಟುತ್ತಿದ್ದವರು ಹಸಿವು ತಾಳಲಾರದೆ ಆ ಮೂಳೆಗಳನ್ನೇ ಕಚ್ಚುತ್ತಿದ್ದರೆಂಬುದು 1845ರಲ್ಲಿ ಬಯಲಾಯಿತು. ವಿಚಾರಣೆ ನಡೆದು, 1847ರಲ್ಲಿ ಹಳೆಯ ಕಮಿಷನ್ನು ರದ್ದಾಗಿ, ಪಾರ್ಲಿಮೆಂಟಿಗೆ ಉತ್ತರ ಹೇಳತಕ್ಕ ಮಂಡಲಿಯು ಬಂದಿತು.

1930ರಲ್ಲಿ ಈ ಹೊಣೆಯು ಕೌಂಟಿ ಕೌನ್ಸಿಲುಗಳಿಗೆ ಸೇರಿತು. 1977ರ ಕಾಯಿದೆಯು ಮಕ್ಕಳೊಂದಿಗರು, ಗರ್ಭಿಣಿಯರು, ವೃದ್ಧರು ಮೊದಲಾದ ವಸತಿಹೀನರಿಗೆ ನೆಲೆ ದೊರಕಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು ವಿಧಿಸಿತು, ಭಿಕ್ಷೆಯು ಹಕ್ಕಾಯಿತು. ಆದರೂ ಹಳೆಯ ರೋಗವು ಹೊಸ ವೇಷ ತಳೆಯಿತು. ಆಸರೆಯ ಹೆಸರಿನಲ್ಲಿ ಹೆಚ್ಚಿನ ಬಾಡಿಗೆಯ ಸಹಾಯಧನವನ್ನು ಸೆಳೆದು, ಆಸರೆಯನ್ನೇ ನೀಡದ ಮನೆಯೊಡೆಯರು ಕಾಣಿಸಿಕೊಂಡರು. ಆದಕಾರಣ 2023ರ ಕಾಯಿದೆಯು ಅಂಥ ಮನೆಗಳಿಗೆ ಲೈಸೆನ್ಸು ವಿಧಿಸುವ ದಾರಿಯನ್ನು ತೆರೆದು, ಸ್ಥಳೀಯ ಕೌನ್ಸಿಲುಗಳಿಗೆ ಪರಾಮರ್ಶೆಯ ಹೊಣೆಯನ್ನಿತ್ತಿತು.

ಹಣದ ಲೆಕ್ಕ ನೋಡುವುದು ಸುಲಭ. ಬಾಗಿಲು ತೆರೆಸಿ, ಒಳಗಿರುವವನನ್ನು "ಉಂಡೆಯಾ, ನಿದ್ರೆ ಬಂದಿತೇ?" ಎಂದು ವಿಚಾರಿಸುವುದೇ ನಿಜವಾದ ಪರಾಮರ್ಶೆ. ಅದಿಲ್ಲದಿದ್ದರೆ ಧರ್ಮಶಾಲೆಯು ಆಂಡೋವರಾಗಲು ತಡವಿಲ್ಲ.