ಕುಡತಿನಿಯ ಬೂದಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರಿದೆ. ಹಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಲ್ಲಿನ ಬೂದಿ ದಿಬ್ಬದ ಬುಡದಲ್ಲಿ ಬಿದ್ದಿದ್ದ ಒಂದು ಚೂರನ್ನು ನಾವು ಎತ್ತಿಕೊಂಡು ಬಂದೆವು. ತರಬಾರದಿತ್ತು, ಆ ತಿಳಿವಳಿಕೆ ಬಂದದ್ದು ಆಮೇಲೆ. ಮುಷ್ಟಿಯಷ್ಟು ದಪ್ಪದ, ಬೂದು ಬಣ್ಣದ ವಸ್ತು. ಮೈತುಂಬ ಗುಳ್ಳೆ ಒಡೆದಂಥ ತೂತುಗಳು, ಒಂದು ಮಗ್ಗುಲಲ್ಲಿ ಗಾಜಿನ ಹೊಳಪು. ಗಾತ್ರಕ್ಕೆ ತಕ್ಕ ತೂಕವಿಲ್ಲ.

ಪುಣೆಯ ನಮ್ಮ ಮನೆಯ ಕಪಾಟಿನ ಮೇಲೆ ಕುಳಿತ ಈ ಚೂರನ್ನು ಬಂದವರೆಲ್ಲ ಕೈಯಲ್ಲಿ ಹಿಡಿದು ನೋಡಿದರು. ಜ್ವಾಲಾಮುಖಿಯ ಕಲ್ಲೆಂದರು ಒಬ್ಬ ಮಿತ್ರರು. ಪುಣೆಯ ಸುತ್ತಲಿನ ನೆಲವೆಲ್ಲ ಲಾವಾದಿಂದಾದದ್ದು, ಹಾಗೆ ತೋರಿದ್ದು ಸಹಜ. ಆದರೆ ಬಳ್ಳಾರಿಯ ಗುಡ್ಡಗಳು ಗ್ರಾನೈಟಿನವು. ಇನ್ನೊಬ್ಬರು ಕಬ್ಬಿಣದ ಕಿಟ್ಟವೆಂದರು. ಬಳ್ಳಾರಿ ಕಡೆಯವರೇ ಆದ ನಮ್ಮ ಅತ್ತೆಯವರು ಮಾತ್ರ ದೂರದಿಂದಲೇ ನೋಡಿ, "ಅದು ಹಿಡಿಂಬಾಸುರನ್ನ ಸುಟ್ಟ ಬೂದಿ, ಮನಿಯಾಗ ಇಡಬ್ಯಾಡ್ರಿ" ಎಂದುಬಿಟ್ಟರು.

ಅವರ ಮಾತಿಗೆ ದೊಡ್ಡ ಪರಂಪರೆಯೇ ಇದೆ. ಕೃಷ್ಣಾ, ತುಂಗಭದ್ರೆಯರ ಸೀಮೆಯಲ್ಲಿ ಇಂಥ ಬೂದಿ ದಿಬ್ಬಗಳು ನೂರಕ್ಕೂ ಮಿಕ್ಕಿ ಇವೆ. ಕೆಲವು 10 ಮೀಟರಿನಷ್ಟು ಎತ್ತರ. ಇಷ್ಟು ಬೂದಿ ಎಲ್ಲಿಂದ ಬಂತು? ಭೀಮನು ಕೊಂದ ರಾಕ್ಷಸನದು ಎಂದರು ಕುಡತಿನಿಯ ಜನ. ಹಂಪೆಯ ಹತ್ತಿರ ನಿಂಬಾಪುರದ ದಿಬ್ಬ ವಾಲಿಯ ಚಿತಾಭಸ್ಮವಾಯಿತು. ಬ್ರಿಟಿಷ್ ಸೈನ್ಯಾಧಿಕಾರಿ ನ್ಯೂಬೋಲ್ಡ್ 1843ರಲ್ಲಿ ಈ ದಿಬ್ಬಗಳ ಮೇಲೆ ಲೇಖನ ಪ್ರಕಟಿಸಿ, ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟನು. ಅಲ್ಲಿಂದ ಮುಂದೆ ಚಿತೆ ಎಂದವರುಂಟು, ಬಲಿಯ ಕುಂಡ ಎಂದವರುಂಟು, ಲೋಹ ಕರಗಿಸಿದ ಕುಲುಮೆ ಎಂದವರೂ ಉಂಟು. ಅತ್ತೆಯವರನ್ನು ನಗುವ ಹಕ್ಕು ನಮಗಿಲ್ಲ.

ಸರಿಯಾದ ದಾರಿ ಹಿಡಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದವನು ಇವನೇ. ಬಳ್ಳಾರಿ ಸೀಮೆಯಲ್ಲಿ ನಯಗೊಳಿಸಿದ ಕಲ್ಲುಕೊಡಲಿಗಳನ್ನು ಆಯ್ದು ಆಯ್ದು ಕೂಡಿಹಾಕಿದ ಈತ, ದಿಬ್ಬಗಳೂ ಆ ಕೊಡಲಿಗಳ ಜನರವೇ ಎಂದೂ, ಆ ಬೂದಿ ದನದ ಸೆಗಣಿಯದೆಂದೂ ಕಂಡುಕೊಂಡನು. ಸೆಗಣಿ! ಅಷ್ಟು ದೊಡ್ಡ ಒಗಟಿಗೆ ಇಷ್ಟು ಸಣ್ಣ ಉತ್ತರವೆಂದರೆ ಯಾರು ತಾನೇ ಒಪ್ಪುತ್ತಾರೆ? 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಝಾಯ್ನರ್ ಕುಡತಿನಿಯ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಅದು ಸೆಗಣಿಯದೇ ಎಂದು ಹೇಳಬೇಕಾಯಿತು.

ಸೆಗಣಿ ಹೀಗೆ ಕಿಟ್ಟಗಟ್ಟುವುದು ಹೇಗೆ? ಒಲೆಯಲ್ಲಿ ಬೆರಣಿ ಉರಿದರೆ ಮೆತ್ತನೆಯ ಬೂದಿಯಷ್ಟೆ. ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಇಲ್ಲಿ ನಮ್ಮ ನೆರವಿಗೆ ಬಂತು. ಹುಲ್ಲಿನಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶವಿದೆ. ಅದು ದನದ ಹೊಟ್ಟೆಯಲ್ಲಿ ಜೀರ್ಣವಾಗದೆ ಸೆಗಣಿಯಲ್ಲಿ ಉಳಿಯುತ್ತದೆ. ಜೊತೆಗೆ ಪೊಟ್ಯಾಷಿನಂಥ ಕ್ಷಾರಗಳು. ಮರಳಿಗೆ ಕ್ಷಾರ ಬೆರೆತು ತಕ್ಕ ಕಾವು ಸಿಕ್ಕರೆ ಆಗುವುದು ಗಾಜು. ಅಷ್ಟು ಕಾವು ಹುಟ್ಟಬೇಕಾದರೆ ಸೆಗಣಿ ಆಳೆತ್ತರ ರಾಶಿ ಬಿದ್ದು, ಒಳಗೊಳಗೇ ಬಹುಕಾಲ ಉರಿಯಬೇಕು. ನಮ್ಮ ಚೂರಿನ ಹೊಳಪಿನ ಕಥೆ ಇದು.

ಇನ್ನು ದಿಬ್ಬ ಯಾತಕ್ಕಾಗಿ ಎಂಬುದು. ರೇಮಂಡ್ ಆಲ್ಚಿನ್ 1957ರಲ್ಲಿ ಹಿಂದಿನ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನಲ್ಲಿ ಒಂದು ದಿಬ್ಬವನ್ನು ಅಗೆಸಿದರು. ತಳದಲ್ಲಿ ಸಾಲಾಗಿ ಕಂಬ ನೆಟ್ಟ ಕುಳಿಗಳು ಕಂಡವು. ಅದು ಮರದ ಬೇಲಿ. ಬೇಲಿ ಸುಟ್ಟಿದೆ, ಮತ್ತೆ ಕಟ್ಟಿದ್ದಾರೆ, ಮತ್ತೆ ಸುಟ್ಟಿದೆ. ಒಂದು ಪದರದಲ್ಲಿ ದನಗಳ ಗೊರಸಿನ ಗುರುತುಗಳು, ನಿನ್ನೆ ಸಂಜೆ ತುಳಿದಂತೆ ಮೂಡಿ ನಿಂತಿದ್ದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನದ ದೊಡ್ಡಿ ಅದು! ಚಿತೆ, ಕುಲುಮೆಗಳ ವಾದವೆಲ್ಲ ಆ ಗೊರಸುಗಳ ಮುಂದೆ ನಿಲ್ಲಲಿಲ್ಲ.

ಮುಂದಿನ ಮುಖ್ಯ ಕೆಲಸ ನಮ್ಮ ಪುಣೆಯ ಡೆಕ್ಕನ್ ಕಾಲೇಜಿನದು. ಪ್ರೊಫೆಸರ್ ಪದ್ದಯ್ಯನವರು 1989ರಿಂದ ಹಲವು ವರ್ಷ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದರು. (ಊರ ಹೆಸರನ್ನು ಗಮನಿಸಬೇಕು.) ಅಲ್ಲಿ ಬರಿಯ ದೊಡ್ಡಿಯಲ್ಲ, ಪಕ್ಕದಲ್ಲೇ ಜನವಸತಿ, ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ, ದನ ಕಡಿದು ಮಾಂಸ ಹಂಚಿಕೊಂಡ ನೆಲಗಟ್ಟು, ಎಲ್ಲ ಸಿಕ್ಕವು. ಈ ಕಾಲದ ಬಳ್ಳಾರಿ ಕಡೆಯ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆಯ ಕಾಳುಗಳೂ ದೊರೆತಿವೆ. ನಾವು ಊರಿನಿಂದ ಚೀಲದಲ್ಲಿ ತುಂಬಿಕೊಂಡು ಬರುವ ಹುರುಳಿ ಎಷ್ಟು ಹಳೆಯದೆಂದು ಯೋಚಿಸಿದ್ದೇವೆಯೆ?

ಗೊಬ್ಬರವಾಗಬಹುದಾದ ಸೆಗಣಿಯನ್ನು ಸುಟ್ಟದ್ದೇಕೆ ಎಂಬ ಚರ್ಚೆ ಮಾತ್ರ ಮುಗಿದಿಲ್ಲ. ಉಣ್ಣೆ, ನೊಣ, ರೋಗಗಳ ಕಾಟ ತಪ್ಪಿಸಲು ಎನ್ನುವವರಿದ್ದಾರೆ. ಆಲ್ಚಿನ್ನರಿಗೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬದ ಬೆಂಕಿಯಂತೆ ಕಂಡಿತು. ಹಳೆ ಮೈಸೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಅವರು ಕಂಡಿದ್ದಾರೆ. ನಮಗೂ ಈ ಮಾತೇ ಹೆಚ್ಚು ಒಪ್ಪುತ್ತದೆ. ಬರಿಯ ಕಸ ಸುಡುವವರು ಒಂದೇ ಜಾಗದಲ್ಲಿ ತಲೆಮಾರುಗಟ್ಟಲೆ ಗುಡ್ಡ ಬೆಳೆಸುತ್ತಿರಲಿಲ್ಲ.

ಇದನ್ನೆಲ್ಲ ಅತ್ತೆಯವರಿಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಳ ಸೆಗಣಿ ಸುಟ್ಟಿದ್ದಂದ್ರ ವಿಭೂತಿನೇ ಆತಲ್ಲ, ಇರ್ಲಿ ಬಿಡ್ರಿ" ಎಂದರು.

ಆದರೆ ಚೂರು ಈಗ ಕಪಾಟಿನ ಮೇಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ಕುಡತಿನಿಗೆ ಒಯ್ದು, ಎತ್ತಿದ ಜಾಗದ ಆಸುಪಾಸಿನಲ್ಲೇ ಇಟ್ಟು ಬಂದೆವು. ಬೂದಿಗಾಗಿ, ಮಣ್ಣಿಗಾಗಿ ಇಂಥ ದಿಬ್ಬಗಳನ್ನು ಕಡಿದು ಒಯ್ದದ್ದುಂಟು; ಅದರಲ್ಲಿ ನಮ್ಮದೊಂದು ಮುಷ್ಟಿ ಬೇಡವೆನಿಸಿತು. ಹುಬ್ಬಳ್ಳಿ–ಗುಂತಕಲ್ ರೈಲಿನಲ್ಲಿ ಹೋಗುವ ವಾಚಕರು ಕುಡತಿನಿಯಲ್ಲಿ ಇಳಿದರೆ, ಊರಿನವರನ್ನು ಬೂದಿ ದಿಬ್ಬವೆಲ್ಲಿ ಎಂದು ಕೇಳಿದರಾಯಿತು. ಹಿಡಿಂಬನ ಕಥೆಯನ್ನೂ ಕೇಳಿಕೊಂಡು ಬನ್ನಿ.