ನಡವಳಿ ಪುಸ್ತಕದಲ್ಲಿ ಅಭ್ಯರ್ಥಿ: ಸ್ಥಳೀಯ ಸಂಸ್ಥೆಯ ದಾಖಲೆಗಳನ್ನು ಓದುವ ಬಗೆ

ವಿಧಾನಸಭೆಗೆ ಸ್ಪರ್ಧಿಸುವವರು ನಾಮಪತ್ರದ ಜತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ಸರ್ಕಾರಿ ಬಾಕಿ, ವಿದ್ಯಾರ್ಹತೆಗಳ ವಿವರವಿರುತ್ತದೆ. ಸುಪ್ರೀಂ ಕೋರ್ಟ್ 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳಿಂದ ಮತದಾರನಿಗೆ ದಕ್ಕಿದ ಹಕ್ಕು ಇದು. ಆದರೆ ಅಭ್ಯರ್ಥಿ ಈ ಮೊದಲು ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಅಧಿಕಾರ ನಡೆಸಿದ್ದರೆ, ಅಲ್ಲಿ ಅವರು ಏನು ಮಾಡಿದರು ಎಂದು ಕೇಳುವ ಕಲಂ ಅದರಲ್ಲಿಲ್ಲ. ಅಷ್ಟರಮಟ್ಟಿಗೆ ನಮ್ಮ ಪರಿಶೀಲನೆ ಅಭ್ಯರ್ಥಿಯ ಜೇಬಿನದು, ಆಡಳಿತದ್ದಲ್ಲ.

ಕರ್ನಾಟಕದಲ್ಲಿ ಇದು ಸಣ್ಣ ಲೋಪವಲ್ಲ. ಎಚ್.ಡಿ. ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಅಭಿವೃದ್ಧಿ ಮಂಡಳಿಯಲ್ಲಿದ್ದವರು, ಬಿ.ಎಸ್. ಯಡಿಯೂರಪ್ಪನವರು 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾದವರು; ಸಿದ್ದರಾಮಯ್ಯನವರು 1978ರಲ್ಲಿ ಮೈಸೂರು ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾದವರು. ಈ ಮಾಹಿತಿ ಎಲ್ಲ ಪರಿಚಯ ಲೇಖನಗಳಲ್ಲೂ ಸಿಗುತ್ತದೆ. ಆದರೆ ಹುದ್ದೆ ಮತ್ತು ಇಸವಿ ಹೇಳಿದ ಮೇಲೆ ಆ ಲೇಖನಗಳು ನೇರವಾಗಿ ವಿಧಾನಸೌಧದ ಮೆಟ್ಟಿಲು ಹತ್ತಿಬಿಡುತ್ತವೆ.

ಹಾಗಾದರೆ ಯಾವ ದಾಖಲೆಯನ್ನು ನೋಡಬೇಕು? ಪ್ರಚಾರದಲ್ಲಿ ಮೊದಲು ಕೇಳಿಬರುವುದು ತಂದ ಅನುದಾನದ ಲೆಕ್ಕ. ಇಷ್ಟು ದುರ್ಬಲವಾದ ಸಾಕ್ಷ್ಯ ಇನ್ನೊಂದಿಲ್ಲ. ಜಿಲ್ಲಾ ಪಂಚಾಯಿತಿಗೆ ಬರುವ ಹಣ ಯಾವ ಲೆಕ್ಕಶೀರ್ಷಿಕೆಗೆ ಎಷ್ಟು ಎಂಬುದು ರಾಜ್ಯ ಬಜೆಟ್ಟಿನ ಲಿಂಕ್ ಡಾಕ್ಯುಮೆಂಟ್‌ನಲ್ಲೇ ನಿಗದಿಯಾಗಿರುತ್ತದೆ. ಅದರಲ್ಲಿ ದೊಡ್ಡ ಪಾಲು ಶಿಕ್ಷಕರೂ ಸೇರಿದಂತೆ ಇಲಾಖಾ ನೌಕರರ ಸಂಬಳಕ್ಕೆ ಹೋಗುತ್ತದೆ. ಅಧ್ಯಕ್ಷರು ಯಾರೇ ಆಗಿದ್ದರೂ ಆ ಹಣ ಬರುತ್ತಿತ್ತು. ಕಲ್ಲಿನ ಮೇಲೆ ಕೆತ್ತಿದ ಹೆಸರು ಉದ್ಘಾಟನೆಯ ದಿನ ಅಧಿಕಾರದಲ್ಲಿ ಯಾರಿದ್ದರು ಎಂಬುದನ್ನಷ್ಟೇ ಹೇಳುತ್ತದೆ.

ನಿಜವಾದ ಸಾಕ್ಷ್ಯ ನಡವಳಿ ಪುಸ್ತಕದಲ್ಲಿದೆ. ಆದರೆ ಅದನ್ನು ಓದುವುದು ಸುಲಭವಲ್ಲ. ಒಂದು ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆಯ ಪುಟ ತೆರೆಯಿರಿ. ಮೇಲೆ ಹಾಜರಿದ್ದ ಸದಸ್ಯರ ಸಹಿ, ಹೆಬ್ಬೆಟ್ಟು. ಕೆಳಗೆ ವಿಷಯ ಸಂಖ್ಯೆ 1: ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಆಮೇಲೆ ಜಮಾ ಖರ್ಚು, ಬಂದ ಅರ್ಜಿಗಳು, ಕ್ರಿಯಾ ಯೋಜನೆ. ಬಹುತೇಕ ಎಲ್ಲದರ ಕೊನೆಗೂ ಒಂದೇ ವಾಕ್ಯ: ಸಭೆಯು ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿತು. ಅಂದು ಸಭೆಯಲ್ಲಿ ಮೇಜು ಕುಟ್ಟಿದವರು, ಎದ್ದು ಹೊರನಡೆದವರು ಯಾರೆಂಬುದು ಈ ವಾಕ್ಯದಡಿ ಹೂತುಹೋಗಿರುತ್ತದೆ. ಹಾಗಾಗಿ ಸರ್ವಾನುಮತವನ್ನು ಸಹಮತವೆಂದು ಓದಬಾರದು. ಹೆಚ್ಚಿನ ಸಂದರ್ಭಗಳಲ್ಲಿ ಅದು ಬರೆಯುವವರ ರೂಢಿ, ಅಷ್ಟೆ.

ಸಂಶೋಧಕ ಕಣ್ಣಿಡಬೇಕಾದ ಜಾಗ ಬೇರೆಯೇ ಇದೆ. ಪಟ್ಟಿಯ ಕೊನೆಯಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು' ಎಂಬ ಒಂದು ಸಾಲು ಇರುತ್ತದೆ. ಸಭಾ ಸೂಚನೆಯಲ್ಲಿ ಕಾಣದ ಖರೀದಿ, ಬಿಲ್ಲು, ಕಾಮಗಾರಿಗಳು ಒಳಗೆ ಬರುವುದು ಈ ಬಾಗಿಲಿನಿಂದ. ಮುಗಿದ ವೆಚ್ಚಕ್ಕೆ ಹಾಕುವ ಘಟನೋತ್ತರ ಅನುಮೋದನೆಯ ಮುದ್ರೆ ಬೀಳುವುದೂ ಬಹುಮಟ್ಟಿಗೆ ಇಲ್ಲೇ. ಒಬ್ಬ ಅಧ್ಯಕ್ಷರ ಅವಧಿಯ ಎಲ್ಲ ಸಭೆಗಳನ್ನು ಸಾಲಾಗಿ ಓದಿ, ಸೂಚನೆ ಕೊಟ್ಟು ತಂದ ವಿಷಯಗಳೆಷ್ಟು, ಅಪ್ಪಣೆಯ ಮೇರೆಗೆ ಬಂದವೆಷ್ಟು ಎಂದು ಲೆಕ್ಕ ಹಾಕಿದರೆ ಅವರ ಆಡಳಿತದ ರೀತಿ ತಿಳಿಯುತ್ತದೆ. ಭಾಷಣಗಳಿಂದ ತಿಳಿಯುವುದಿಲ್ಲ.

ಇದಕ್ಕೆ ಜೋಡಿಸಿ ಓದಬೇಕಾದದ್ದು ಆಡಿಟ್ ವರದಿ. ಇಲ್ಲಿ ನ್ಯಾಯವಾಗಿ ನಡೆದುಕೊಳ್ಳುವುದು ಮುಖ್ಯ. ಓಚರ್ ಇಲ್ಲ, ಅಳತೆ ಪುಸ್ತಕದಲ್ಲಿ ದಾಖಲಿಸಿಲ್ಲ, ರಾಜಧನ ಕಡಿತ ಮಾಡಿಲ್ಲ ಎಂಬಂಥ ಆಕ್ಷೇಪಣೆಗಳು ಬಹುಪಾಲು ಕಚೇರಿಯ ಅಶಿಸ್ತನ್ನು ತೋರುತ್ತವೆ, ಕಳ್ಳತನವನ್ನಲ್ಲ. ಅಧ್ಯಕ್ಷರೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೂ (ಪಿಡಿಒ) ಜಂಟಿ ಸಹಿ ಹಾಕಿದ ಚೆಕ್ಕಿಗೆ ಇಬ್ಬರೂ ಹೊಣೆ. ಸಾಮಾನ್ಯ ಸದಸ್ಯರನ್ನು ಅದೇ ತಕ್ಕಡಿಯಲ್ಲಿ ತೂಗಲಾಗದು. ಆಕ್ಷೇಪಣೆ ಬಂದಿತೇ ಎನ್ನುವುದಕ್ಕಿಂತ, ಬಂದ ಮೇಲೆ ಏನಾಯಿತು ಎನ್ನುವುದು ದೊಡ್ಡ ಪ್ರಶ್ನೆ. ಅನುಪಾಲನಾ ವರದಿ ಹೋಯಿತೇ? ವಸೂಲಿಗೆ ಸೂಚಿಸಿದ ಮೊತ್ತ ವಸೂಲಾಯಿತೇ? ಅದೇ ಆಕ್ಷೇಪಣೆ ಮರುವರ್ಷವೂ ಬಂತೇ?

ಅವಿಶ್ವಾಸ ನಿರ್ಣಯಗಳ ವಿಚಾರದಲ್ಲೂ ಇದೇ ಎಚ್ಚರ ಬೇಕು. 1993ರ ಪಂಚಾಯತ್ ರಾಜ್ ಅಧಿನಿಯಮದ 49ನೇ ಪ್ರಕರಣದಡಿ ಅಧ್ಯಕ್ಷರನ್ನು ಇಳಿಸುವುದು ಸಂಖ್ಯಾಬಲದ ಆಟ. ದುರ್ನಡತೆಗಾಗಿ 48(4)ರಡಿ ತೆಗೆದುಹಾಕುವುದು ವಿಚಾರಣೆಯ ಫಲ. ಚುನಾವಣಾ ಕಾಲದಲ್ಲಿ ಎದುರಾಳಿಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಲೇಖಕರು ಹೇಳಬಾರದು.

ಜನಪ್ರತಿನಿಧಿಯ ಧೈರ್ಯ ಅಳೆಯಲು ನನಗೆ ಎಲ್ಲಕ್ಕಿಂತ ನಂಬಿಕೆಯಿರುವುದು ಬೇಡಿಕೆ, ವಸೂಲಿ, ಬಾಕಿಗಳ ತಖ್ತೆಯಲ್ಲಿ. ಮನೆ ಕಂದಾಯ, ನೀರಿನ ಕರ ಕೇಳಿದರೆ ವೋಟು ಹೋಗುತ್ತದೆಂಬ ಭಯ ಊರಲ್ಲಿ ಯಾರಿಗಿಲ್ಲ? ಆ ಭಯವಿದ್ದೂ ಬಾಕಿ ಇಳಿಸಿದವರ ಹೆಸರು ಯಾವ ಕರಪತ್ರದಲ್ಲೂ ಬರುವುದಿಲ್ಲ. ದೊಡ್ಡ ಕುಳಗಳ ಬಾಕಿ ಹಾಗೇ ಉಳಿಸಿ ಗುಡಿಸಲುಗಳ ನಲ್ಲಿ ಕತ್ತರಿಸಿದವರನ್ನೂ ಆ ತಖ್ತೆಯೇ ಹಿಡಿದುಕೊಡುತ್ತದೆ.

ಇನ್ನೊಂದು ತೊಡಕು ದಾಖಲೆ ಯಾರದು ಎಂಬುದು. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸಹಿ ಪತ್ನಿಯದು, ಅಧಿಕಾರ ಪತಿಯದು ಎಂಬ ಕಡೆ, ಮುಂದೆ ಆತನೇ ವಿಧಾನಸಭೆಗೆ ನಿಂತು 'ನಮ್ಮ ಅವಧಿಯಲ್ಲಿ' ಎಂದು ಮಾತು ಶುರುಮಾಡುತ್ತಾನೆ. ಸಾಧನೆ ತನ್ನದೆನ್ನುವವನು ಆಡಿಟ್ ಆಕ್ಷೇಪಣೆಯನ್ನೂ ತನ್ನದೆನ್ನಬೇಕಲ್ಲ! ಕಾಗದದಲ್ಲಿ ಸಿಗುವುದು ಆಕೆಯ ಹೆಸರು ಮಾತ್ರ.

ಅವಧಿಗಳೂ ಚಿಕ್ಕವು. ಗ್ರಾಮ ಪಂಚಾಯಿತಿ ಅಧ್ಯಕ್ಷಗಿರಿ 30 ತಿಂಗಳು. ಜಿಲ್ಲಾ ಪಂಚಾಯಿತಿಯದು 2015ರ ತಿದ್ದುಪಡಿಗೆ ಮುನ್ನ 20 ತಿಂಗಳಿತ್ತು. ಮಹಾನಗರ ಪಾಲಿಕೆಗಳ ಮೇಯರ್‌ಗೆ ಸಿಗುತ್ತಿದ್ದದ್ದು ಒಂದೇ ವರ್ಷ. ಒಬ್ಬರು ಯೋಜಿಸಿದ್ದನ್ನು ಮತ್ತೊಬ್ಬರು ಉದ್ಘಾಟಿಸುತ್ತಾರೆ, ಮೂರನೆಯವರ ಕಾಲಕ್ಕೆ ಆಡಿಟ್ ಬರುತ್ತದೆ. ಇದಕ್ಕಿಂತ ಕಷ್ಟದ್ದು ದಾಖಲೆಯೇ ಇಲ್ಲದ ಕಾಲ. ಬೆಂಗಳೂರಿನಲ್ಲಿ ಬಿಬಿಎಂಪಿಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಸಹಿ ಹಾಕಿದರು. ಅಷ್ಟು ಕಾಲ ಮತದಾರನಿಗೆ ಪರೀಕ್ಷಿಸಲು ಒಂದು ತಲೆಮಾರಿನ ಸ್ಥಳೀಯ ನಾಯಕತ್ವವೇ ಸಿಗಲಿಲ್ಲ.

ನಮೂನೆ 26ಕ್ಕೆ ಒಂದು ಕಲಂ ಸೇರಿಸಬೇಕು: ಅಭ್ಯರ್ಥಿ ಯಾವ ಸ್ಥಳೀಯ ಸಂಸ್ಥೆಯಲ್ಲಿ, ಯಾವ ಅವಧಿಗೆ, ಯಾವ ಹುದ್ದೆಯಲ್ಲಿದ್ದರು, ಆ ಅವಧಿಯ ಆಡಿಟ್ ಆಕ್ಷೇಪಣೆಗಳಲ್ಲಿ ಇತ್ಯರ್ಥವಾಗದೆ ಉಳಿದವು ಯಾವುವು. ಅದಾಗುವವರೆಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಡವಳಿಯ ನಕಲು ತರಿಸಿಕೊಳ್ಳುವ ಕೆಲಸ ಓದುಗರದೇ.